ಸತ್ತಿದೆ ಎಂದು ಕಡಿಸಿದ ಬದಾಮಿ ಗಿಡ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಬಾಗಲಕೋಟೆಯ ಹಳೇ ಊರಿನಲ್ಲಿದ್ದ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನವನಗರಕ್ಕೆ ಬಂದೆವು. ಆಗ ಇಲ್ಲಿ ಬರೀ ಕಲ್ಲು, ಬಿಸಿಲು. ಗೇಟಿನ ಪಕ್ಕ ನಾನೇ ಒಂದು ಬದಾಮಿ ಗಿಡ ನೆಟ್ಟೆ. ಅದು ಮಹಡಿಯ ಎತ್ತರಕ್ಕೆ ಬೆಳೆಯಿತು. ಪ್ರತಿ ವರ್ಷ ಚಳಿ ಮುಗಿಯುವ ಹೊತ್ತಿಗೆ ಅಂಗೈಗಿಂತ ದೊಡ್ಡ ಎಲೆಗಳು ಕೆಂಪಾಗಿ, ಸಪ್ಪಳ ಮಾಡುತ್ತ ಉದುರುತ್ತಿದ್ದವು. ಕೆಲವು ದಿನ ಬೋಳಾಗಿ ನಿಂತು ಮತ್ತೆ ಚಿಗುರುತ್ತಿತ್ತು.

ನನ್ನ ಗಂಡ ಕಟ್ಟಡದ ಗುತ್ತಿಗೆದಾರರು. ಅಂಗಳದಲ್ಲಿ ಒಂದು ಕಡ್ಡಿ ಬಿದ್ದರೂ ಅವರಿಗೆ ಆಗುವುದಿಲ್ಲ. ಹೊಸ ಕಾರು ತಂದ ವರ್ಷ ಎಲೆಗಳೆಲ್ಲ ಅದರ ಮೇಲೇ ಬೀಳತೊಡಗಿದವು. ಗಿಡ ಪೂರ್ತಿ ಬೋಳಾದ ಮೇಲೆ ಒಂದು ಬೆಳಿಗ್ಗೆ, "ಇದು ಸತ್ತೈತಿ. ಕಡಿಸಿಬಿಡ್ತೇನಿ," ಎಂದರು.

ನಾನು ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದೆ. "ಕಣ್ಣ ತಗದ ನೋಡ್ರಿ. ಜೀವ ಐತಿ. ಎಲಿ ಉದುರಸೇತಿ ಅಷ್ಟ. ಯುಗಾದಿ ತನಕಾ ತಡೀರಿ."

"ಆತ ಬಿಡು," ಎಂದರು.

ಮರುವಾರ ಶಾಲೆಯಿಂದ ಬರುವಷ್ಟರಲ್ಲಿ ಗಿಡ ಇರಲಿಲ್ಲ. ಬೇರುಸಹಿತ ಕೀಳಿಸಿ, ಗುಂಡಿಗೆ ಮಣ್ಣು ತುಂಬಿಸಿದ್ದರು. ಅಂಗಳದಲ್ಲಿ ಬಿದ್ದಿದ್ದ ಒಂದು ಟೊಂಗೆಯನ್ನು ಮುರಿದೆ. ಒಳಗೆಲ್ಲ ಹಸಿ. ಅದನ್ನು ಅವರ ಮುಂದೆ ಒಗೆದೆ. ಅವರು ಅದನ್ನೆತ್ತಿ ಗೇಟಿನಾಚೆ ಹಾಕಿ ಬಂದರು. ಅಂದಿನಿಂದ ಅವರೊಡನೆ ಮಾತು ಬಿಟ್ಟೆ.

ಯುಗಾದಿ ಕಳೆದು ಕೆಲವು ದಿನಗಳಾಗಿರಬೇಕು. ಸಂಜೆ ಬಿಸಿಲಿನ್ನೂ ಚುರುಕಾಗಿತ್ತು. ಗೇಟು ತೆರೆದವಳು ಹಾಗೇ ನಿಂತೆ. ಮನೆಯ ಮುಂದಿನ ಬಿಳಿ ಗೋಡೆಯ ಮೇಲೆ ಬದಾಮಿ ಗಿಡದ ನೆರಳಿತ್ತು. ಒಂದರ ಮೇಲೊಂದು ಅಡ್ಡಡ್ಡ ಚಾಚಿದ ಅವೇ ಟೊಂಗೆಗಳು. ತುದಿಯಲ್ಲಿ ನೆಟ್ಟಗೆ ನಿಂತ ಸಣ್ಣ ಚಿಗುರೆಲೆಗಳು.

ತಿರುಗಿ ನೋಡಿದೆ. ಗಿಡವಿದ್ದ ಜಾಗದಲ್ಲಿ ನಿಂತ ಕಾರಿನ ಮೇಲೆ ಬರೀ ಆಕಾಶ. ಎದುರು ಮನೆಯಲ್ಲಿ ಗಿಡವಿಲ್ಲ, ತಂತಿಯಿಲ್ಲ. ಗೋಡೆಯ ಹತ್ತಿರ ಹೋಗಿ ಕೈ ಚಾಚಿದೆ. ಚಿಗುರಿನ ನೆರಳು ನನ್ನ ಮುಂಗೈ ಮೇಲೆ ಬಿದ್ದು ಅಲುಗಾಡಿತು.

ಎಷ್ಟೋ ದಿನಗಳ ಮೇಲೆ ಅವರನ್ನು ಕೂಗಿದೆ. "ಹೊರಗ ಬರ್ರಿ! ಸತ್ತೈತಿ ಅಂದಿದ್ರೆಲ್ಲ, ಬಂದ ನೋಡ್ರಿ!"

ಬನಿಯನ್ನಿನಲ್ಲೇ ಹೊರಗೆ ಬಂದರು. ಗೋಡೆ ನೋಡಿದರು. ಮುಖ ಕಪ್ಪಿಟ್ಟಿತು. ಹಿತ್ತಿಲಿಗೆ ಹೋಗಿ ಸುಣ್ಣದ ಬಕೆಟ್ ತಂದು, ಆ ನೆರಳಿದ್ದಲ್ಲೇ ಹಚ್ಚತೊಡಗಿದರು. ನೆರಳು ಹಸಿ ಸುಣ್ಣದ ಮೇಲೂ ಇತ್ತು, ಅವರ ಕೈಮೇಲೂ ಇತ್ತು, ಬನಿಯನ್ನಿನ ಬೆನ್ನ ಮೇಲೂ ಇತ್ತು. ಹೊತ್ತು ಮುಳುಗುವವರೆಗೆ ಅವರು ಕುಂಚ ಬಿಡಲಿಲ್ಲ.

"ಈಗರೆ ಖರೆ ಹೇಳ್ರಿ. ನೀವೂ ನೋಡಿದ್ರಿ ಹೌದಿಲ್ಲೋ?" ಎಂದೆ.

"ಏನ್ ನೋಡೂದೈತಿ? ಗ್ವಾಡಿ ಹೊಲಸಾಗಿತ್ತು, ಸುಣ್ಣ ಹಚ್ಚೇನಿ."

ಮರುದಿನ ಅದೇ ಹೊತ್ತಿಗೆ ಕಾಯ್ದೆ. ನೆರಳು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಬಿಸಿಲಿನ ಓರೆ, ಕಾರಿನ ಗಾಜು, ನನ್ನ ತಲೆಯೊಳಗಿನ ಸಿಟ್ಟು, ಎಲ್ಲ ಲೆಕ್ಕ ಹಾಕಿ ನೋಡಿದ್ದೇನೆ. ಯಾವುದೂ ಕೂಡಿಬರುವುದಿಲ್ಲ. ಅದು ಏನೆಂದು ತಿಳಿಯದೆ ನಾನು ಬದುಕಿಯೇನು. ಪಕ್ಕದಲ್ಲೇ ನಿಂತು ಕಂಡ ಮನುಷ್ಯ ಕಂಡಿಲ್ಲ ಎನ್ನುವುದನ್ನು ಮಾತ್ರ ಸಹಿಸಲಾರೆ.

ವರ್ಷಗಳಾದವು. ಈಗಲೂ ಊಟಕ್ಕೆ ಕೂತಾಗ ಅದನ್ನೇ ಕೇಳುತ್ತೇನೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಇನ್ನೊಂದು ರೊಟ್ಟಿ ಹಾಕು," ಎನ್ನುತ್ತಾರೆ.

ಹಾಕುತ್ತೇನೆ. ಮತ್ತೆ ಕೇಳುತ್ತೇನೆ.