ಒಂದು ನೀರಿನ ಅಕ್ಕಿ

ಭತ್ತ ಬೆಳೆಯುವ ನಾವು ನೀರನ್ನು ಲೀಟರಿನಲ್ಲಿ ಅಳೆಯುವುದಿಲ್ಲ. ಗದ್ದೆಗೆ ಒಮ್ಮೆ ತುಂಬ ಹಾಯಿಸಿದರೆ ಅದು ಒಂದು ನೀರು. ಮೊದಮೊದಲ ನೀರು ಹೆಚ್ಚುಕಮ್ಮಿಯಾದರೂ ಪೈರು ಸಹಿಸುತ್ತದೆ. ತೆನೆಯೊಳಗೆ ಹಾಲು ತುಂಬುವ ಹೊತ್ತಿನ ನೀರು ತಪ್ಪಿದರೆ ಮಾತ್ರ ಮುಗಿಯಿತು. ಅಲ್ಲಿಯವರೆಗಿನ ಗೊಬ್ಬರ, ಬೆವರು, ಹಿಂದೆ ಹಾಯಿಸಿದ ಅಷ್ಟೂ ನೀರು ಮಣ್ಣುಪಾಲು.

ಈ ಬೇಸಿಗೆಯಲ್ಲಿ ನನಗೆ ತಪ್ಪಿದ್ದು ಆ ನೀರೇ. ನಂದಿಗುಡಿ ಕಡೆಯ ನಮ್ಮ ಗದ್ದೆ ನಾಲೆಯ ಕಟ್ಟಕಡೆಗಿದೆ. ನಮ್ಮ ಸರದಿ ಬಂದಾಗ ಕಾಲುವೆಯಲ್ಲಿ ಇದ್ದದ್ದು ಕೆಸರು ಮತ್ತು ಪ್ಲಾಸ್ಟಿಕ್ ಬಾಟಲಿ. ನೀರು ಹಂಚುವ ನೀರಗಂಟಿ ಕೈಚೆಲ್ಲಿದ. "ಮ್ಯಾಲಿನೋರು ಬಿಟ್ರೆ ತಾನೆ ನಾನು ಬಿಡೋದು? ನೀವೇ ಹೋಗಿ ನೋಡ್ರಿ."

ಬೈಕ್ ಹತ್ತಿ ನಾಲೆಯ ಏರಿ ಹಿಡಿದು ಹೋದೆ. ಮೇಲೆ ಹೋದಂತೆ ನೀರು ಹೆಚ್ಚಿತು, ನಾಲೆಗೆ ಇಳಿಬಿಟ್ಟ ಪೈಪುಗಳೂ ಹೆಚ್ಚಿದವು. ಅವುಗಳಲ್ಲೊಂದರ ಜಾಡು ಹಿಡಿದರೆ, ಅದು ಹೋಗಿ ನಿಂತದ್ದು ನನ್ನ ಅಕ್ಕನ ಗಂಡನ ಅಡಿಕೆ ತೋಟದಲ್ಲಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ ತುಂಬಿ ತುಳುಕುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಸೀದಾ ದಾವಣಗೆರೆಯ ಅವರ ಮನೆಗೆ ಹೋದೆ. ಅಕ್ಕ ಮಂಡಕ್ಕಿ ಕಲಸಿ ತಂದಿಟ್ಟಳು. ನಾನು ಮುಟ್ಟಲಿಲ್ಲ.

"ಭಾವ, ಒಂದೇ ಒಂದು ನೀರು ಬರಂಗ ಮಾಡ್ರಿ. ನೀವು ಮೋಟ್ರು ನಿಲ್ಸಿದ್ರೆ ಅಕ್ಕಪಕ್ಕದೋರೂ ನಿಲ್ಸ್ತಾರೆ."

ಭಾವ ನಕ್ಕರು. ಬೈದಿದ್ದರೆ ಸಹಿಸಬಹುದಿತ್ತು. "ಲೆಕ್ಕ ಹಾಕೋ ಮಾರಾಯ. ಆ ನೀರು ನಿನ್ನ ಗದ್ದೆಯಾಗೆ ಎಷ್ಟು ದುಡಿತೈತೆ, ನನ್ನ ತೋಟದಾಗೆ ಎಷ್ಟು ದುಡಿತೈತೆ? ನೀರು ಬೆಲೆ ಇರೋ ಕಡೆ ಹೋಗ್ತೈತೆ. ಭತ್ತ ಬಿಟ್ಟುಬಿಡು."

ಎಂಥ ಲೆಕ್ಕ! ನನ್ನ ಪಾಲಿನ ನೀರು ಕದಿಯುವುದು, ಕದ್ದ ಮೇಲೆ ಅದು ತನ್ನ ಹತ್ತಿರ ಹೆಚ್ಚು ದುಡಿಯುತ್ತದೆ ಎನ್ನುವುದು. ಹಾಗಾದರೆ ನನ್ನ ಜೇಬಿನ ದುಡ್ಡೂ ಅವರ ಕೈಯಲ್ಲಿ ಹೆಚ್ಚು ದುಡಿದೀತು, ಅದನ್ನೂ ಎತ್ತಿಕೊಳ್ಳಲಿ. ಅಡಿಕೆ ಮರ ಮುಂದಿನ ಸರದಿಯವರೆಗೆ ಕಾಯಬಲ್ಲದು, ಹಾಲುಗಾಳು ಕಾಯುವುದಿಲ್ಲ. ಇದೆಲ್ಲವನ್ನೂ ಗಂಟಲು ಹರಿಯುವಂತೆ ಹೇಳಿದೆ. ಅಕ್ಕ ತಲೆ ತಗ್ಗಿಸಿ ಮಂಡಕ್ಕಿ ತಟ್ಟೆ ಒಳಗೆ ಒಯ್ದಳು. ಅಪ್ಪನ ಅದೇ ಗದ್ದೆಯಲ್ಲಿ ನಾಟಿ ಹಾಕಿ ಬೆಳೆದವಳು ಒಂದು ಮಾತೂ ಆಡಲಿಲ್ಲ. ಭಾವನಿಗಿಂತ ಅವಳ ಮೇಲೆ ನನಗೆ ಸಿಟ್ಟು ಬಂತು. ಈಗಲೂ ಇದೆ.

ನೀರು ಬರಲಿಲ್ಲ. ಕೊಯ್ಲಿನ ದಿನವೂ ತೆನೆ ನೆಟ್ಟಗೆ ನಿಂತಿತ್ತು. ಕಾಳು ಕಟ್ಟಿದ ತೆನೆಯಾಗಿದ್ದರೆ ಬಾಗುತ್ತಿತ್ತು. ತೂರಿ ನೋಡಿದರೆ ಮುಕ್ಕಾಲು ಪಾಲು ಜಳ್ಳು.

ಪ್ರತಿ ವರ್ಷ ಹೊಸ ಅಕ್ಕಿಯ ಒಂದು ಚೀಲ ಅಕ್ಕನ ಮನೆಗೆ ಹೋಗುತ್ತದೆ. ತವರಿನ ಅಕ್ಕಿ, ಅಪ್ಪ ಶುರು ಮಾಡಿದ್ದು. ಈ ಸಲ ಭಾವನೇ ಫೋನ್ ಮಾಡಿ, "ಅಕ್ಕಿ ಇನ್ನೂ ಬರ್ಲಿಲ್ಲಲ್ಲೋ?" ಎಂದರು. ಮಾನ ಮರ್ಯಾದೆ ಇರುವವರು ಕೇಳುವ ಮಾತೇ ಅದು? ಅದೇ ಚೀಲ ತೆಗೆದು ಜಳ್ಳು ತುಂಬಿದೆ, ಬಾಯಿ ಹೊಲಿದೆ, ಹರಿಹರದ ಮೇಲೆ ದಾವಣಗೆರೆಗೆ ಹೋಗುವ ಬಸ್ಸಿಗೆ ಹಾಕಿದೆ. ಕಂಡಕ್ಟರ್ ಒಂದೇ ಕೈಯಲ್ಲಿ ಎತ್ತಿ, "ಏನ್ರಿ ಇದು, ತೂಕಾನೇ ಇಲ್ಲ!" ಎಂದ.

ಸಂಜೆ ಅಕ್ಕ ಫೋನ್ ಮಾಡಿದಳು. ಅಳುತ್ತಿದ್ದಳು.

"ತವರಿಂದ ಯಾರಾದ್ರೂ ಜಳ್ಳು ಕಳಿಸ್ತಾರೇನೋ?"

"ಅದನ್ನ ಕಾಳು ಮಾಡೋ ನೀರು ನಿಮ್ಮ ಹೊಂಡದಾಗೆ ಐತೆ ಅಕ್ಕ," ಎಂದೆ. "ಅಕ್ಕಿ ಅಲ್ಲೇ ಕೇಳು."