ಮಗ್ಗ ನಿಂತಾಗ

ಇಳಕಲ್ಲಿನ ನಮ್ಮ ಮನೆಯಲ್ಲಿ ಕೈಮಗ್ಗ ಹೋಗಿ ಪವರ್‌ಲೂಮ್ ಬಂದ ಮೇಲೆ ಯಾರಿಗೂ ಪುರುಸೊತ್ತು ಎನ್ನುವುದು ಉಳಿಯಲಿಲ್ಲ. ಯಂತ್ರ ಬಂದರೆ ಕೆಲಸ ಹಗುರಾಗುತ್ತದೆ ಎಂದವರನ್ನು ಒಂದು ದಿನ ಕರೆತಂದು ಅಲ್ಲಿ ನಿಲ್ಲಿಸಬೇಕು ಅನಿಸುತ್ತದೆ ನನಗೆ. ಕೈಮಗ್ಗ ನಾವು ತುಳಿದಷ್ಟೇ ಓಡುತ್ತಿತ್ತು. ಇದು ಓಡಿದಷ್ಟು ನಾವು ಓಡಬೇಕು. ಅಪ್ಪ, ಅವ್ವ, ಅಣ್ಣ, ನಾನು, ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರೇ.

ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕೂಗಿದರೂ ಅಷ್ಟೇ. ಆದರೆ ನಾಲ್ಕರಲ್ಲಿ ಒಂದು ಮಗ್ಗ ನಿಂತರೂ ಅಡುಗೆಮನೆಯಲ್ಲಿದ್ದವರಿಗೆ ತಟ್ಟನೆ ತಿಳಿಯುತ್ತಿತ್ತು. ಎಳೆ ಹರಿದಿರುತ್ತದೆ, ಯಾರಾದರೊಬ್ಬರು ಓಡಿಹೋಗಿ ಗಂಟು ಹಾಕಿ ಮತ್ತೆ ಚಾಲೂ ಮಾಡಬೇಕು. ಬಾಯಿಗಿಟ್ಟ ತುತ್ತು ನುಂಗುವ ಮೊದಲೇ ಏಳುವುದು ನಮಗೆ ರೂಢಿಯಾಗಿತ್ತು. ನೆಂಟರು ನೋಡಿ ನಗುತ್ತಿದ್ದರು.

ಮದುವೆ ಸೀಸನ್ನಿನ ಒಂದು ಮಧ್ಯಾಹ್ನ ಅವ್ವ ನಮ್ಮೆಲ್ಲರನ್ನೂ ಊಟಕ್ಕೆ ಅಟ್ಟಿ ತಾನೊಬ್ಬಳೇ ಮಗ್ಗಗಳ ಹತ್ತಿರ ಉಳಿದಳು. ನಾವು ಕೂತು ಇನ್ನೂ ರೊಟ್ಟಿ ಮುರಿದಿರಲಿಲ್ಲ, ಒಂದು ಮಗ್ಗ ನಿಂತಿತು. ಅಣ್ಣ ಓಡಿದ. ಚಾಲೂ ಮಾಡಿ ಬಂದು ಮತ್ತೆ ತಟ್ಟೆಗೆ ಕೈಹಾಕಿದ.

"ಎಳಿ ಹರಿದಿದ್ದಿಲ್ಲ. ಸುಮ್ನ ನಿಂತಿತ್ತು" ಅಂದ.

ಉಂಡು ಮುಗಿಸಿದ ಅಪ್ಪ ಅವ್ವನನ್ನು ಊಟಕ್ಕೆ ಕಳಿಸಲು ಮಗ್ಗದ ಕೋಣೆಯೊಳಗೆ ಹೋದ. ಅವನು ಕೂಗಿದ್ದು ನಮಗೆ ಕೇಳಲಿಲ್ಲ. ಕಡೆಗೆ ತಾನೇ ಹೊರಗೆ ಬಂದು ಅಣ್ಣನ ಅಂಗಿ ಹಿಡಿದು ಎಳೆದ. ಅವ್ವ ಅದೇ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದಳು, ಮೈಯೆಲ್ಲ ಬೆವರು, ಒಂದು ಕೈ ಎದೆಯ ಮೇಲೆ. ಎಳೆ ಹರಿಯದೆ ಮಗ್ಗ ನಿಂತದ್ದು ಹೇಗೆಂದು ಆಗ ಹೊಳೆಯಿತು. ಅವಳೇ ಹಿಡಿ ಎಳೆದು ನಿಲ್ಲಿಸಿದ್ದಳು. ತಾನು ಕೂಗಿದರೆ ನಾವು ಬರುವುದಿಲ್ಲ, ಮಗ್ಗ ನಿಂತರೆ ಬರುತ್ತೇವೆ ಎಂದು ಅವಳಿಗೆ ಗೊತ್ತಿತ್ತು.

ಗಾಡಿ ಮಾಡಿಕೊಂಡು ಬಾಗಲಕೋಟೆಯ ದವಾಖಾನೆಗೆ ಹೊರಟೆವು. ಕಮತಗಿ ದಾಟುವಷ್ಟರಲ್ಲಿ ಅವ್ವ ಹೋಗಿಬಿಟ್ಟಳು. ಮನೆಯಲ್ಲಿ ಓಡುತ್ತಲೇ ಇದ್ದ ಮಗ್ಗಗಳನ್ನು ಪಕ್ಕದ ಮನೆಯವರು ಬಂದು ನಿಲ್ಲಿಸಿದರಂತೆ. ಅಷ್ಟು ಅವಸರ ಯಾವ ಘನಕಾರ್ಯಕ್ಕೆ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ. ಸೀರೆ ಎರಡು ದಿನ ತಡವಾಗಿದ್ದರೆ ಯಾರ ಮದುವೆಯೂ ನಿಲ್ಲುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅಣ್ಣ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ.

"ಅವ್ವ ಕುಂತಿದ್ದು ಕಂಡಿತ್ತಪ್ಪಾ. ದಣದಾಳ, ತುಸು ಕುಂದರ್ಲಿ ಅಂತ ಬಿಟ್ಟು ಬಂದ್ನಿ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಣ್ಣನಿಗೆ ಒಳ್ಳೆಯದಾಗುತ್ತಿತ್ತು.

"ಮಗ್ಗ ನಿಂತಾಗ ಅಕಿ ಯಾವತ್ತರೆ ಕುಂತಿದ್ದು ನೋಡಿಯೇನಪಾ?" ಎಂದಷ್ಟೇ ಕೇಳಿದ.