ಕೆರೆಯಂಗಳದ ಸುಣ್ಣದ ರಸ್ತೆ

ಶಿವು, ಸಿಂಚನಾ,

ನಿನ್ನೆ ನಮ್ಮೂರ ಸ್ಕೂಲಿನ ಮೈದಾನದಲ್ಲಿ ಓಟದ ಪಂದ್ಯಕ್ಕೆ ಸುಣ್ಣದ ಪುಡಿ ಉದುರಿಸಿ ಗೆರೆ ಎಳೆಯುತ್ತಿದ್ದರು. ಬೆಳಗಿನ ಮಂಜಿಗೆ ಸುಣ್ಣ ನೆನೆದು ಅದರ ವಾಸನೆ ನಮ್ಮ ಜಗಲಿಯವರೆಗೂ ಬಂತು. ರಾಗಿ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ನನಗೆ ಕಾರು ಓಡಿಸುವುದನ್ನು ಕಲಿಸಿದ ಮೇಷ್ಟ್ರು ಆ ವಾಸನೆಯ ಜೊತೆಯಲ್ಲೇ ಬಂದು ಎದುರಿಗೆ ನಿಂತ ಹಾಗಾಯಿತು.

ಶಿವು, ಹೋದ ವಾರ ಫೋನಿನಲ್ಲಿ ನೀನೊಂದು ವಿಷಯ ಹೇಳಿದೆ. ಸ್ನೇಹಿತರೆಲ್ಲ ಸೇರಿ ರೇಸ್ ಟ್ರ್ಯಾಕಿಗೆ ಹೋಗುತ್ತೀರಂತೆ. ದುಡ್ಡು ಕಟ್ಟಿದರೆ ನಿಮ್ಮಂಥ ಹೊಸಬರಿಗೂ ಒಂದು ದಿನ ಸ್ವಂತ ಕಾರನ್ನು ಅಲ್ಲಿ ಓಡಿಸಲು ಬಿಡುತ್ತಾರಂತೆ. ಕೊಯಮತ್ತೂರಿಗೋ ಚೆನ್ನೈಗೋ ಇನ್ನೂ ತೀರ್ಮಾನವಾಗಿಲ್ಲ ಅಂದೆ. ಕೊಯಮತ್ತೂರಿಗೇ ಹೋಗು ಅಂದೆ ನಾನು. ನೀನು ನಕ್ಕುಬಿಟ್ಟೆ. "ಅಜ್ಜಿ, ಟ್ರ್ಯಾಕ್ ಅಂದ್ರೆ ಏನು ಅಂತ ಗೊತ್ತಾ ನಿಂಗೆ?" ಅಂತ ಕೇಳಿದೆ. ಗೊತ್ತು ಮಗ. ಫೋನಿನಲ್ಲಿ ಉದ್ದುದ್ದ ಮಾತಾಡಲು ನನಗೆ ಬರುವುದಿಲ್ಲ, ನಾಲ್ಕು ಮಾತಾಗುವಷ್ಟರಲ್ಲಿ ಸಂಕೋಚವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ, ಕೋಸು ಟೊಮೇಟೊ ಸಾಗಿಸುತ್ತಿದ್ದ ನಮ್ಮ ವ್ಯಾನು ಕೊಟ್ಟಿಗೆಯ ಪಕ್ಕದಲ್ಲಿ ನಿಂತಲ್ಲೇ ನಿಂತಿತ್ತು. ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡಲು ಶುರುಮಾಡಿತ್ತು. ಬಾಡಿಗೆ ಗಾಡಿಯವರು ಅವರಿಗೆ ಬೇಕಾದಾಗ ಬರುತ್ತಿದ್ದರು, ಬಾರದ ದಿನ ಬಿಡಿಸಿಟ್ಟ ಟೊಮೇಟೊ ಹೊಲದ ಬದುವಿನಲ್ಲೇ ಕೊಳೆಯುತ್ತಿತ್ತು. ತಾಳವಾಡಿಯಲ್ಲಿ ಡ್ರೈವಿಂಗ್ ಸ್ಕೂಲು ಇಟ್ಟಿದ್ದ ಮೇಷ್ಟ್ರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಒಂದು ದಿನ ಅವರು ಬಂದು ವ್ಯಾನಿನೊಳಗೆ ಬಗ್ಗಿ ನೋಡಿದರು. "ಈ ಕೋಳಿಗಿಂತ ನೀನೇ ವಾಸಿ ಓಡ್ಸೀಯೆ, ಬಾರವ್ವ" ಅಂದರು. ಗಂಡನನ್ನು ಕಳೆದುಕೊಂಡ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು...

ಊರವರ ಕಣ್ಣೆದುರು ಕಲಿಯಲು ನನಗೆ ನಾಚಿಕೆ. ಮೇಷ್ಟ್ರು ಅದನ್ನು ನಾನು ಹೇಳದೆಯೇ ತಿಳಿದುಕೊಂಡು, ನೀರು ಬತ್ತಿದ ನಮ್ಮ ಕೆರೆಯಂಗಳಕ್ಕೆ ಕರೆದುಕೊಂಡು ಹೋದರು. ಅವರ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕು ಇತ್ತು. ಕಲಿಯುವವರು ತಪ್ಪಿದರೆ ಅವರು ಅಲ್ಲಿಂದಲೇ ಒತ್ತಿ ನಿಲ್ಲಿಸುತ್ತಿದ್ದರು. ನಾನು ಗೇರು, ಕ್ಲಚ್ಚು ಎಲ್ಲ ಕಲಿತರೂ ಹಾರ್ನು ಮಾತ್ರ ಹೊಡೆಯುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಗದರಿಸಿದ ಹಾಗೆ ಅನಿಸುತ್ತಿತ್ತು. "ಆರ್ನು ಅಂದ್ರೆ ಬಯ್ಯಾದಲ್ಲ ಕಣವ್ವ, ನಾನೂ ಬತ್ತಾವ್ನಿ ಅಂತ ಏಳಾದು" ಅನ್ನುತ್ತಿದ್ದರು.

ಮೇಷ್ಟ್ರು ಹರೆಯದಿಂದಲೂ ದಿಂಬಂ ಘಾಟಿಯಲ್ಲಿ ಲಾರಿ ಓಡಿಸಿದವರು. ಆ ಘಾಟಿಯ ತಿರುವುಗಳಲ್ಲಿ ಎಡಕ್ಕೆ ಅಂಟಿಕೊಂಡೇ ಹೋಗಬೇಕು, ಪ್ರತಿ ತಿರುವಿಗೂ ಹಾರ್ನು ಹೊಡೆಯಬೇಕು, ಹತ್ತಿ ಬರುವ ಗಾಡಿ ಕಂಡರೆ ಇಳಿಯುವವನು ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಬೇಕು. ದಾರಿ ಸಿಕ್ಕವನು ಕೈ ಎತ್ತಬೇಕು. ಇದು ನಮ್ಮ ಕಡೆಯ ಮರ್ಯಾದೆ. ಈ ಮರ್ಯಾದೆಯಲ್ಲೇ ಅವರ ಆಯುಷ್ಯ ಕಳೆದಿತ್ತು. ಒಂದು ದಿನ ಸ್ಟೇರಿಂಗ್ ಒರೆಸುತ್ತಾ ಹೇಳಿದರು: "ಇಷ್ಟ್ ವರ್ಸವೂ ಅರ್ಧ ರೋಡಲ್ಲೇ ಬದುಕ್ದೆ ಕಣವ್ವ. ಒಂದ್ಸಲ, ಪೂರ್ತಿ ರೋಡು ನಂದೇ ಅನ್ನಂಗೆ ಓಡುಸ್ಬೇಕು."

ದಿಂಬಂ ಟೀ ಅಂಗಡಿಗಳ ಮುಂದೆ ನೆಲಕ್ಕೆ ತಾಗುವಂಥ ಕಾರು ನಿಲ್ಲಿಸಿಕೊಂಡು ನಿಂತ ಹುಡುಗರ ಹತ್ತಿರ ಮೇಷ್ಟ್ರು ತಾವಾಗಿಯೇ ಹೋಗಿ ಮಾತಾಡುತ್ತಿದ್ದರು. ಟ್ರ್ಯಾಕಿನ ವಿಷಯ ಅವರಿಗೆ ತಿಳಿದದ್ದು ಅಲ್ಲೇ. ಎಲ್ಲಿ ಎಂಥ ತಿರುವು, ಎಷ್ಟು ಅಗಲ, ಹೊಸಬರನ್ನು ಬಿಡುತ್ತಾರೋ ಇಲ್ಲವೋ ಎಲ್ಲವನ್ನೂ ಕೇಳಿಕೊಂಡು ಬರುವರು. ಫೋನಿನಲ್ಲಿ ಓಟದ ವಿಡಿಯೋ ಹಾಕಿ ನೋಡುವರು. ಆಮೇಲೆ ಅಂಗಡಿಯಿಂದ ಸುಣ್ಣದ ಪುಡಿ ತಂದು, ಬಗ್ಗಿಕೊಂಡು, ಆ ಟ್ರ್ಯಾಕನ್ನು ಕೆರೆಯಂಗಳದಲ್ಲಿ ಗೆರೆ ಎಳೆದು ಬರೆಯುವರು. ಒಂದಿಷ್ಟು ದಿನ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ನನ್ನ ಪಾಠ. ದನಗಳು ತುಳಿದು ಗೆರೆ ಅಳಿಸಿದ ಮೇಲೆ ಚೆನ್ನೈ ಟ್ರ್ಯಾಕಿನಲ್ಲಿ. ಮೇಷ್ಟ್ರ ಹೆಂಡತಿ ಕೆರೆ ಏರಿಯ ಮೇಲೆ ನಿಂತು, "ಬಾಕ್ಲು ಮುಂದಕ್ಕೆ ಒಂದ್ ಗೆರೆ ಎಳೀದೆ ಇರೋರು ಕೆರೆಗೆ ರಂಗೋಲಿ ಬುಡ್ತಾವ್ರೆ" ಅಂತ ಹಂಗಿಸುತ್ತಿದ್ದರು.

ಕೊಯಮತ್ತೂರಿನದು ಚಿಕ್ಕದು, ನಮ್ಮ ಘಾಟಿಯನ್ನೇ ತಂದು ಸಮನೆಲಕ್ಕೆ ಹಾಸಿದ ಹಾಗೆ. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಬರುತ್ತದೆ, ವೇಗ ಹಿಡಿಯುವಷ್ಟರಲ್ಲಿ ಬ್ರೇಕು ಹಾಕಬೇಕಾಗುತ್ತದೆ. ಚೆನ್ನೈ ಕಡೆಯದು ಉದ್ದ, ತಿರುವುಗಳೂ ದೊಡ್ಡವು. ಅಂಥ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಎತ್ತಬೇಕೋ ಬೇಡವೋ ಅನ್ನುವುದು ಹೊಸಬರಿಗೆ ತಿಳಿಯುವುದಿಲ್ಲ. ಬಿಸಿಲಿಗೆ ಟೈರೂ ಸೋಲುತ್ತದೆ, ಮನುಷ್ಯನೂ ಸೋಲುತ್ತಾನೆ. ಗಾಡಿ ಕೆಟ್ಟರೆ ಅಷ್ಟು ದೂರದಿಂದ ಎಳೆದು ತರುವುದು ಹೇಗೆ? ಡೆಲ್ಲಿ ಹತ್ತಿರದ್ದನ್ನೂ ಬರೆಯಲು ನೋಡಿದರು. ಅದು ನಮ್ಮ ಕೆರೆಯಲ್ಲಿ ಹಿಡಿಯಲೇ ಇಲ್ಲ. ಅರ್ಧಕ್ಕೇ ಸುಣ್ಣ ಮುಗಿದು ಒಲೆಬೂದಿ ತಂದು ಹಾಕಿದರು, ಗಾಳಿ ಬಂದು ಅದನ್ನೂ ಒಯ್ದಿತು. ಕೊನೆಗೆ ಅವರು ಹೇಳಿದ್ದು ಇಷ್ಟು: "ಹೊಸಬ್ರಿಗೆ ಚಿಕ್ಕದೇ ಸರಿ ಕಣವ್ವ. ದೊಡ್ಡದ್ರಲ್ಲಿ ಧೈರ್ಯ ಬ್ಯಾಗ ಬಂದ್ಬುಡ್ತದೆ, ಕೈ ಬಂದಿರಾಕಿಲ್ಲ." ಶಿವು, ನಾನು ನಿನಗೆ ಹೇಳಿದ್ದು ಈ ಮಾತನ್ನೇ.

ಒಂದು ಬೆಳಗ್ಗೆ ಮೇಷ್ಟ್ರು ತಾವೇ ಓಡಿಸಿ ತೋರಿಸುತ್ತಿದ್ದರು. ನಾನು ಎಡಗಡೆ ಸೀಟಿನಲ್ಲಿ ಕೂತಿದ್ದೆ. ಎಡಗಡೆಯಿಂದ ಒಂದು ಕರು ಓಡಿ ಬಂತು. ಅವರು ನೋಡುತ್ತಾರೆ, ಈಗ ನೋಡುತ್ತಾರೆ ಅಂದುಕೊಂಡೆ. ಅವರು ನೋಡಲಿಲ್ಲ. ನನ್ನ ಕಾಲಿನ ಕೆಳಗಿದ್ದ ಬ್ರೇಕನ್ನು ನಾನೇ ಒತ್ತಿದೆ. ಕಾರು ಜಾರಿಕೊಂಡು ನಿಂತಿತು. ಕರು ಏನೂ ಆಗದ ಹಾಗೆ ಸುಣ್ಣದ ಗೆರೆ ದಾಟಿ ಹೋಯಿತು.

ಮೇಷ್ಟ್ರು ಎಂಜಿನ್ ಆರಿಸಿದರು. ಆಮೇಲೆ ಹೇಳಿದರು. ನೇರ ನೋಡಿದರೆ ಎಲ್ಲ ಕಾಣುತ್ತದೆ, ಆದರೆ ಎರಡೂ ಕಡೆಯ ಅಂಚಿನಿಂದ ಕತ್ತಲು ಒಳಕ್ಕೆ ಬರುತ್ತಿದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಕಣ್ಣಿಗೆ ಔಷಧಿ ಹಾಕುತ್ತಿದ್ದರೆ ಉಳಿದದ್ದು ಸ್ವಲ್ಪ ದಿನ ಹೆಚ್ಚಿಗೆ ಉಳಿಯಬಹುದು ಅಂದಿದ್ದಾರಂತೆ ಡಾಕ್ಟರು. ಲೈಸೆನ್ಸ್ ಮುಗಿಯುತ್ತಾ ಬಂದಿತ್ತು, ಮತ್ತೆ ಮಾಡಿಸಲು ಯಾವ ಡಾಕ್ಟರೂ ಸಹಿ ಹಾಕುವುದಿಲ್ಲ. ಅವತ್ತಿನಿಂದ ಮೇಷ್ಟ್ರು ರಸ್ತೆಯಲ್ಲಿ ಗಾಡಿ ಓಡಿಸಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದನ್ನೂ ನಿಲ್ಲಿಸಿದರು. ನಾನೇ ಅವರ ಕೊನೆಯ ಶಿಷ್ಯೆ.

ಆದರೆ ಟ್ರ್ಯಾಕಿನ ಆಸೆ ಮಾತ್ರ ಈಗ ಹಠವಾಯಿತು. ಅಲ್ಲಿ ಕರು ಅಡ್ಡ ಬರುವುದಿಲ್ಲ, ಆನೆ ಬರುವುದಿಲ್ಲ, ಎದುರಿನಿಂದ ಯಾರೂ ಬರುವುದಿಲ್ಲ. "ಮುಂದೆ ಕಾಣಾದಷ್ಟಿದ್ರೆ ಸಾಕಲ್ಲವ್ವ ಅಲ್ಲಿ" ಅಂದರು. ಲೈಸೆನ್ಸ್ ಇರುವಾಗಲೇ ಒಂದೇ ಒಂದು ಸಲ ಹೋಗಿ ಬರಬೇಕು. ನನಗೂ, ಅವರ ಹೆಂಡತಿಗೂ ಆ ಲೆಕ್ಕ ಸರಿಯಾಗಿಯೇ ಕಂಡಿತು.

ಅಷ್ಟರಲ್ಲಿ ನನಗೂ ಲೈಸೆನ್ಸ್ ಬಂದಿತ್ತು. ಹೋಗುವ ದಿನ ಮೇಷ್ಟ್ರು ನನ್ನ ಕೈಗೇ ಕೀ ಕೊಟ್ಟರು. ಅವರ ಹೆಂಡತಿ ಹಿಂದೆ ಬುತ್ತಿ ಇಟ್ಟುಕೊಂಡು ಕೂತರು. ಮೇಷ್ಟ್ರು ನನ್ನ ಎಡಕ್ಕೆ, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು. ದಿಂಬಂ ದಾಟಿ ಘಾಟಿ ಇಳಿಯುವಾಗ ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ತಿರುವಿನ ಬೋರ್ಡುಗಳು ಬರುವ ಮುಂಚೆಯೇ ಅವರು "ಸೆಕೆಂಡ್ ಗೇರಿಗೆ ಬಾ" ಅನ್ನುತ್ತಿದ್ದರು. ಆ ರಸ್ತೆ ಅವರಿಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಕೊನೆಯವರೆಗೂ ಅವರ ಕಾಲು ಬ್ರೇಕನ್ನು ಒತ್ತಲಿಲ್ಲ. ಘಾಟಿಯ ಬುಡದ ಬಣ್ಣಾರಿ ಅಮ್ಮನ ಗುಡಿಯಲ್ಲಿ ಇಳಿದು ಕರ್ಪೂರ ಹಚ್ಚಿದೆವು, ಗಾಲಿಗೆ ನಿಂಬೆಹಣ್ಣು ಇಟ್ಟೆವು.

ಕೊಯಮತ್ತೂರಿನ ಹತ್ತಿರದ ಆ ಟ್ರ್ಯಾಕಿನಲ್ಲಿ ಎಲ್ಲರೂ ನಿಮ್ಮ ವಯಸ್ಸಿನವರೇ. ಕೆಂಪು ಬಣ್ಣದಲ್ಲಿ ಎಲ್ ಅಂತ ಬರೆದಿದ್ದ ನಮ್ಮ ಕಾರು ಕಂಡು, ತಾತ ಲೈಸೆನ್ಸ್ ಪರೀಕ್ಷೆಗೆ ಬಂದಿದ್ದಾರೆ ಅಂತ ಯಾರೋ ತಮಿಳಿನಲ್ಲಿ ಅಂದರು. ಮೇಷ್ಟ್ರೂ ಅವರ ಜೊತೆ ನಕ್ಕರು. ಅಲ್ಲಿಯವರು ಟೈರು, ಬ್ರೇಕು ನೋಡಿದರು. ಕಾರಿನಲ್ಲಿ ಸಡಿಲವಾಗಿ ಏನೂ ಇರಬಾರದು ಅಂತ ಮುಂದೆ ಇಟ್ಟಿದ್ದ ಗಣೇಶನನ್ನೂ ತೆಗೆಸಿದರು. ಅದನ್ನು ಮೇಷ್ಟ್ರ ಹೆಂಡತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಟ್ರ್ಯಾಕಿನವರು ಎಲ್ಲರನ್ನೂ ಕೂರಿಸಿ ಬಾವುಟಗಳ ವಿಷಯ ಹೇಳಿಕೊಟ್ಟರು. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನ ಮಾಡಬೇಕು. ಕಪ್ಪಿನ ಜೊತೆ ಒಂದು ನಂಬರು ತೋರಿಸಿದರೆ ಆ ನಂಬರಿನ ಕಾರು ಒಳಗೆ ಬರಬೇಕು. ಕೆಂಪು ಅಂದರೆ ಎಲ್ಲರೂ ಓಟ ಬಿಟ್ಟು ಬರಬೇಕು. ಮೇಷ್ಟ್ರು ಸ್ಕೂಲು ಹುಡುಗನ ಹಾಗೆ ತಲೆಯಾಡಿಸುತ್ತಿದ್ದರು. ಬಣ್ಣಗಳ ಅರ್ಥ ಅವರಿಗೆ ತಿಳಿಯಿತು. ಅವನ್ನು ಹಿಡಿದವರು ನಿಲ್ಲುವುದು ರಸ್ತೆಯ ಅಂಚಿನಲ್ಲಿ ಅನ್ನುವುದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೆರೆಯಂಗಳದಲ್ಲಿ ಅವರು ಎಲ್ಲವನ್ನೂ ಬರೆದಿದ್ದರು, ಬಾವುಟದವರನ್ನು ಬರೆದಿರಲಿಲ್ಲ...

ಮೊದಲ ಸುತ್ತಿನಲ್ಲಿ ಅವರು ಎಡಕ್ಕೇ ಅಂಟಿಕೊಂಡು ಹೋದರು, ಎದುರಿಗೆ ಬಾರದವರಿಗೆ ಅರ್ಧ ರಸ್ತೆ ಬಿಟ್ಟು. ಪ್ರತಿ ತಿರುವಿಗೂ ಹಾರ್ನು ಹೊಡೆದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲಾಮೇಲೆ ಹಾರ್ನು ನಿಂತಿತು. ಕಾರು ಮೆಲ್ಲನೆ ನಡುರಸ್ತೆಗೆ ಬಂತು. ಒಂದು ತಿರುವಿನಲ್ಲಿ ಆ ಅಂಚಿನಿಂದ ಈ ಅಂಚಿಗೆ, ನೀರು ಹರಿದ ಹಾಗೆ ದಾಟಿತು. ಹೊರಗೆ ನನ್ನ ಪಕ್ಕ ನಿಂತು ನೋಡುತ್ತಿದ್ದ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನೋಡವ್ವ, ನಿಮ್ ಮೇಷ್ಟ್ರು ರೋಡು ಪೂರ್ತಿ ತಕಂಡ್ರು" ಅಂದರು.

ಅಷ್ಟರಲ್ಲಿ ಮುಂದೆ ಯಾರದೋ ಕಾರು ತಿರುಗಿ ಮಣ್ಣಿಗೆ ಇಳಿದು ನಿಂತಿತು. ಹಳದಿ ಬೀಸಿದರು. ಎಲ್ಲರೂ ನಿಧಾನ ಮಾಡಿದರು, ಮೇಷ್ಟ್ರು ಮಾಡಲಿಲ್ಲ. ಮಣ್ಣಿನಲ್ಲಿ ನಿಂತ ಕಾರಿನ ಪಕ್ಕದಲ್ಲೇ ಹಾದುಹೋದರು. ಕಪ್ಪು ಬಾವುಟದ ಜೊತೆ ಅವರ ನಂಬರು ತೋರಿಸಿದರು. ಅವರು ದಾಟಿ ಹೋದರು. ಕೊನೆಗೆ ಕೆಂಪು ತೆಗೆದರು. ಬೇರೆ ಕಾರುಗಳೆಲ್ಲ ಒಂದರ ಹಿಂದೆ ಒಂದು ಒಳಗೆ ಬಂದವು. ಮೇಷ್ಟ್ರು ಒಬ್ಬರೇ, ಆ ಖಾಲಿ ರಸ್ತೆಯಲ್ಲಿ, ಇನ್ನೊಂದು ಸುತ್ತು ಹೋದರು.

ಹುಡುಗರ ನಗು ನಿಂತುಹೋಗಿತ್ತು. ಬಾವುಟದವರೊಬ್ಬರು ನೇರ ಅವರ ಕಣ್ಣಿಗೆ ಬೀಳುವ ಜಾಗಕ್ಕೆ ಬಂದು ಬೀಸಿದ ಮೇಲೆ ಕಾರು ನಿಂತಿತು. ಅಲ್ಲಿಯ ಅಧಿಕಾರಿ ಚಿಕ್ಕ ವಯಸ್ಸಿನವನು, ಒರಟಾಗಿ ಒಂದು ಮಾತೂ ಆಡಲಿಲ್ಲ. ಬೆರಳು ಪಕ್ಕಕ್ಕೆ ಹಿಡಿದು ಕಾಣುತ್ತಾ ಅಂತ ಕೇಳಿದ. ಇನ್ನೂ ಸ್ವಲ್ಪ ಮುಂದಕ್ಕೆ ತಂದು ಕೇಳಿದ. ಆಮೇಲೆ ಅವರ ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ತಾನೇ ಬಿಚ್ಚಿ ತೆಗೆದುಕೊಂಡ. ಅವನು ಮಾಡಿದ್ದು ಸರಿಯೇ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ಹೇಳಿದರು: "ಎಲ್ರೂ ಪಕ್ಕಕ್ಕೋದ್ರಲ್ಲ, ನಂಗೆ ದಾರಿ ಬುಟ್ಕೊಟ್ರು ಅನ್ಕಂಡೆ ಕಣಮ್ಮಿ."

ಊರಿಗೆ ಹೊರಡುವಾಗ ನಾನು ಎಡಗಡೆ ಬಾಗಿಲು ತೆಗೆದು ನಿಂತೆ. ಅವರು ಹಿಂದಕ್ಕೆ ಹೋಗಿ ಹೆಂಡತಿಯ ಪಕ್ಕ ಕೂತರು. ನನ್ನ ಪಕ್ಕದ ಸೀಟು, ಅದರ ಕೆಳಗಿನ ಬ್ರೇಕು, ಎರಡೂ ಖಾಲಿ. ಹೊತ್ತು ಮುಳುಗುವ ಮುಂಚೆ ಘಾಟಿ ಹತ್ತಿದೆ. ಪ್ರತಿ ತಿರುವಿಗೂ ಹಾರ್ನು ಹೊಡೆದೆ, ನಾಚಿಕೆ ಎಲ್ಲಿ ಹೋಗಿತ್ತೋ ತಿಳಿಯದು. ಒಂದು ತಿರುವಿನಲ್ಲಿ ಇಳಿದು ಬರುತ್ತಿದ್ದ ಲಾರಿಯವನು ಪಕ್ಕಕ್ಕೆ ನಿಲ್ಲಿಸಿದ. ಹಿಂದಿನಿಂದ ಮೇಷ್ಟ್ರು, "ಯಾರವ್ವ ನಿಂತಿರಾದು?" ಅಂದರು. ಲಾರಿ, ದಾರಿ ಬಿಟ್ಟಿದ್ದಾರೆ ಅಂದೆ.

"ಕೈ ಎತ್ತವ್ವ" ಅಂದರು. ನಾನು ಕೈ ಎತ್ತಿದೆ.

ಕಾರನ್ನು ಚಾಮರಾಜನಗರದ ಕಡೆಯವರು ಯಾರೋ ಕೊಂಡುಕೊಂಡರು. ಆಮೇಲೂ ಮೇಷ್ಟ್ರು ಬೆಳಗ್ಗೆ ಕೆರೆ ಏರಿಯ ಮೇಲೆ ಬಂದು ಕೂರುತ್ತಿದ್ದರು. ಒಂದು ದಿನ ನಾನೇ ಸುಣ್ಣ ತಂದು, ನೆನಪಿದ್ದ ಹಾಗೆ ಕೊಯಮತ್ತೂರಿನ ಟ್ರ್ಯಾಕು ಎಳೆದು, ವ್ಯಾನು ಓಡಿಸಿ ತೋರಿಸಿದೆ. ಇಳಿದು ಹತ್ತಿರ ಹೋದರೆ, "ಸದ್ದು ಚೆನ್ನಾಗದೆ ಕಣವ್ವ" ಅಂದರು. ಗೆರೆ ಅವರಿಗೆ ಕಂಡಿರಲಿಲ್ಲ. ನಾನು ಮತ್ತೆ ಎಳೆಯಲಿಲ್ಲ. ಕಣ್ಣಿಗೆ ಪೂರ್ತಿ ಕತ್ತಲಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಅವರ ಹೆಂಡತಿ ತಾಳಮಲೆಯ ತಂಗಿಯ ಮನೆಗೆ ಹೋದರು, ಅಲ್ಲೇ ತೀರಿಕೊಂಡರು ಅಂತ ಆಮೇಲೆ ಕೇಳಿದೆ. ಕೆರೆಯಂಗಳದ ತುಂಬ ಈಗ ಜಾಲಿಮುಳ್ಳು, ಕಾಲಿಡಲೂ ಆಗುವುದಿಲ್ಲ. ಮಂಡಿ ಹಿಡಿದ ಮೇಲೆ ನಾನೂ ವ್ಯಾನು ಬಿಟ್ಟೆ.

ಒಂದು ಸುತ್ತಾದರೂ ಅವರ ಆಸೆ ಈಡೇರಿತಲ್ಲ ಅಂತ ಮನಸ್ಸಿಗೆ ಹೇಳಿಕೊಳ್ಳಲು ಬಹಳ ಸಲ ನೋಡಿದ್ದೇನೆ. ಆಗುವುದಿಲ್ಲ. ಅದು ಈಡೇರಿದ್ದಲ್ಲ, ನಿಲ್ಲು ಅಂದದ್ದು ಕಾಣದೆ ಹೋದದ್ದು. ಆಗ ಯಾರೂ ಏನೂ ಮಾಡುವ ಹಾಗಿರಲಿಲ್ಲ, ಈಗಲೂ ಇಲ್ಲ.

ನಿನ್ನನ್ನು ತಡೆಯುವ ಶಕ್ತಿ ನನಗಿಲ್ಲ ಶಿವು, ನೀನು ಹೋಗಿಯೇ ಹೋಗುತ್ತೀಯ. ಹೋಗುವ ಮುಂಚೆ ಕಣ್ಣು ತೋರಿಸಿಕೋ. ಮೊದಲು ಚಿಕ್ಕ ಟ್ರ್ಯಾಕಿಗೇ ಹೋಗು. ಓಡಿಸುವ ಮುಂಚೆ ಒಂದು ಸಲ ನಡೆದು, ಬಾವುಟದವರು ಎಲ್ಲೆಲ್ಲಿ ನಿಲ್ಲುತ್ತಾರೆ ನೋಡಿಕೋ. ಸಿಂಚನಾ, ಇವನು ಈ ಹಾಳೆಗಳನ್ನು ಎಲ್ಲೋ ಬಿಸಾಕುತ್ತಾನೆ, ನನಗೆ ಗೊತ್ತು. ನೀನು ತೆಗೆದು ಕಾರಿನ ಕಾಗದಗಳಿರುವ ಕವರಿನಲ್ಲೇ ಸೇರಿಸಿಡು. ಗಾಡಿ ಮಾರುವ ದಿನ ಬಂದರೆ, ಈ ಹಾಳೆಗಳನ್ನು ಮಾತ್ರ ಈಚೆಗೆ ತೆಗೆದುಕೊಂಡು ಕೀ ಕೊಡಿ.